ಸುತ್ತು ಮತ್ತು ತಲೆಸುತ್ತು



ನಮ್ಮ ವರ್ಣಮಾಲೆಯಲ್ಲಿ ಒಂದು ಬಡಪಾಯಿ ಅಕ್ಷರವಿದೆ. ಚ, ಛ, ಜ, ಝ ಆದಮೇಲೆ ಸಾಲಿನ ತುದಿಯಲ್ಲಿ ಮುದುರಿ ಕೂತಿರುವ ಞ. ಒಂದನೆಯ ತರಗತಿಯಲ್ಲಿ ಸ್ಲೇಟಿನ ಮೇಲೆ ತಿದ್ದಿದ್ದೇ ತಿದ್ದಿದ್ದು. ಆಮೇಲೆ ಈ ವಯಸ್ಸಿನವರೆಗೆ ಅದನ್ನು ಒಂಟಿಯಾಗಿ ಬರೆಯುವ ಪ್ರಸಂಗ ನನಗೆ ಬಂದದ್ದಿಲ್ಲ. ಇಟಲಿಯವರಿಗೆ ಮಾತ್ರ ಈ ಧ್ವನಿ ಬಲು ಪ್ರೀತಿ. ಇವತ್ತು ನಾನು ಯಾರ ಬಗ್ಗೆ ಮಾತಾಡಬೇಕೆಂದಿದ್ದೇನೋ ಆತನ ಹೆಸರಿನ ನಡುವೆಯೂ ಅದೇ ಕೂತಿದೆ. ಸೈಕಲ್ ಸವಾರ ಜಾನ್ನಿ ಬುನ್ಯೊ. ಇಂಗ್ಲಿಷ್ ಕಣ್ಣಿನಿಂದ ಓದುವವರು 'ಬಗ್ನೊ' ಎಂದುಬಿಡುತ್ತಾರೆ. ನಾವು ಕನ್ನಡದವರು, ಞ ಕಲಿತ ಋಣಕ್ಕಾದರೂ ಸರಿಯಾಗಿ ಕರೆಯೋಣ.

ಇನ್ನೊಂದು ಪದವನ್ನೂ ಮೊದಲೇ ಬಿಡಿಸಿಬಿಡುತ್ತೇನೆ. ಸೈಕಲ್ ಪಂದ್ಯದ ಸುದ್ದಿಯಲ್ಲಿ 'ಜಿರೊ' ಎಂದು ಕೇಳಿದಾಗ ಸೊನ್ನೆ ಎಂದುಕೊಳ್ಳಬೇಡಿ. ಇಟಲಿಯ ಭಾಷೆಯಲ್ಲಿ ಜಿರೊ ಅಂದರೆ ಸುತ್ತು. ಜಿರೊ ದಿತಾಲಿಯ, ಅಂದರೆ ಇಟಲಿಯ ಸುತ್ತು. 1909ರಲ್ಲಿ ಆರಂಭವಾದ ಈ ಪಂದ್ಯ ಸುಮಾರು ಮೂರು ವಾರ ನಡೆಯುತ್ತದೆ. ದಿನಕ್ಕೊಂದು ಊರಿಂದ ಇನ್ನೊಂದು ಊರಿಗೆ ಓಟ. ಪ್ರತಿದಿನದ ಸಮಯ ಕೂಡಿಸಿ ಯಾರದು ಕಡಿಮೆಯೋ ಅವನು ಮುಂದಾಳು, ಮತ್ತು ಮುಂದಾಳುವಿಗೆ ಮರುದಿನ ಗುಲಾಬಿ ಬಣ್ಣದ ಅಂಗಿ. ಗುಲಾಬಿ ಯಾಕೆಂದರೆ ಪಂದ್ಯ ಹುಟ್ಟುಹಾಕಿದ ಗಜೆಟ್ಟಾ ಪತ್ರಿಕೆ ಅಚ್ಚಾಗುವುದು ಗುಲಾಬಿ ಕಾಗದದ ಮೇಲೆ.

ನಮ್ಮ ಬುನ್ಯೊನ ಕಥೆಯಲ್ಲಿ ಎರಡು ಸುತ್ತುಗಳಿವೆ. ಒಂದು ಇಟಲಿಯ ಸುತ್ತು. ಇನ್ನೊಂದು ತಲೆಸುತ್ತು.

ತಮಾಷೆಗೆ ಹೇಳುತ್ತಿಲ್ಲ. ಈತ ಬೆಟ್ಟ ಹತ್ತುವುದರಲ್ಲಿ ಜಗತ್ತಿನ ಮೊದಲ ಸಾಲಿನವನು. ಬೆಟ್ಟ ಇಳಿಯುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. ನೀವು ಆಗುಂಬೆ ಘಾಟಿಯಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕೂತು ಸೋಮೇಶ್ವರಕ್ಕೆ ಇಳಿದವರಾದರೆ ಹೊಟ್ಟೆಯೊಳಗೆ ಏನಾಗುತ್ತದೆಂದು ಗೊತ್ತಿರುತ್ತದೆ. ಅದೇ ಇಳಿಜಾರನ್ನು ಹೆಬ್ಬೆರಳಿನಷ್ಟು ದಪ್ಪದ ಟೈರಿನ ಮೇಲೆ, ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ, ಅಕ್ಕಪಕ್ಕ ಮೊಣಕೈ ತಾಗುವಷ್ಟು ಹತ್ತಿರ ಇನ್ನೂ ನಾಲ್ಕು ಜನ ಇರುವಾಗ ಇಳಿಯುವುದನ್ನು ಊಹಿಸಿ. ಆ ಕಾಲದಲ್ಲಿ ತಲೆಗೆ ಹೆಲ್ಮೆಟ್ಟೂ ಕಡ್ಡಾಯವಿರಲಿಲ್ಲ. 1991ರಲ್ಲಿ ಕಡ್ಡಾಯ ಮಾಡಹೊರಟಾಗ ಸವಾರರೇ ಪ್ರತಿಭಟಿಸಿ ನಿಲ್ಲಿಸಿದರು. 1995ರಲ್ಲಿ ಇಟಲಿಯದೇ ಹುಡುಗ ಫಾಬಿಯೊ ಕಸಾರ್ತೆಲ್ಲಿ, ಒಲಿಂಪಿಕ್ ಚಿನ್ನ ಗೆದ್ದವನು, ಫ್ರಾನ್ಸಿನ ಪಿರನೀಸ್ ಬೆಟ್ಟವೊಂದನ್ನು ಇಳಿಯುವಾಗ ಬಿದ್ದು ತೀರಿಕೊಂಡ. ಆಮೇಲೂ ಎಂಟು ವರ್ಷ ಬೇಕಾಯಿತು ನಿಯಮ ಬರಲು. ಹಾಗಾಗಿ ಬುನ್ಯೊನ ಭಯವನ್ನು ಪುಕ್ಕಲುತನ ಎಂದವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಸೈಕಲ್ ಸವಾರರ ಗುಂಪಿನಲ್ಲಿ ಸರಿಯಾಗಿ ಹೆದರಿದವನು ಇವನೊಬ್ಬನೇ ಇರಬೇಕು.

ಹುಟ್ಟಿದ್ದು 1964ರ ಫೆಬ್ರವರಿ 14ರಂದು, ಸ್ವಿಟ್ಜರ್ಲೆಂಡಿನ ಬ್ರುಗ್ ಎಂಬಲ್ಲಿ. ಕೂಲಿ ಹುಡುಕಿಕೊಂಡು ಆಲ್ಪ್ಸ್ ದಾಟಿದ ಇಟಲಿಯ ಸಾವಿರಾರು ಸಂಸಾರಗಳಲ್ಲಿ ಇವನ ಅಪ್ಪ ಅಮ್ಮನದೂ ಒಂದು. ಊರು ಅಂತ ಆದದ್ದು ಮಿಲಾನಿನ ಪಕ್ಕದ ಮೊಂಜಾ. ಮೊಂಜಾ ಎಂದರೆ ಜಗತ್ತಿಗೆ ಮೋಟಾರು ರೇಸಿನ ಊರು. ಅಲ್ಲಿ ಪೆಡಲು ತುಳಿದು ಹೆಸರು ಮಾಡಿದ್ದು ಇವನ ಸ್ವಭಾವಕ್ಕೆ ತಕ್ಕ ಹಾಗೆಯೇ ಇತ್ತು. ಗದ್ದಲದ ನಡುವೆ ಸದ್ದಿಲ್ಲದೆ ಇರುವವನು. 1985ರಲ್ಲಿ ವೃತ್ತಿಪರನಾದ. 86, 87, 88, ಮೂರು ವರ್ಷ ಸತತವಾಗಿ ಜಿರೊ ದೆಲ್ಲಪ್ಪೆನ್ನಿನೊ ಎಂಬ ಒಂದು ದಿನದ ಪಂದ್ಯ ಗೆದ್ದ. ಫ್ರಾನ್ಸಿನ ಸುತ್ತಾದ ಟೂರ್ ದ ಫ್ರಾನ್ಸಿನಲ್ಲಿ ಒಂದು ದಿನದ ಓಟವನ್ನೂ ಗೆದ್ದ. ಪತ್ರಿಕೆಗಳು 'ಬರಲಿರುವ ಚಾಂಪಿಯನ್' ಎಂದು ಬರೆದವು. ವರ್ಷ ಕಳೆದರೂ ಬರಲಿರುವವನು ಬರಲಿಲ್ಲ. ಹತ್ತುವಾಗ ಗಳಿಸಿದ್ದನ್ನು ಇಳಿಯುವಾಗ ಕಳೆಯುವುದು, ಗುಂಪಿನ ಹಿಂದೆ ಬೀಳುವುದು, ಸಂಜೆ ಮೈಕಿನ ಮುಂದೆ ನೆಲ ನೋಡುತ್ತ ಎರಡು ಮಾತು ಹೇಳಿ ಹೋಗುವುದು, ಇದೇ ಆಯಿತು.

ಕೊನೆಗೆ ವೈದ್ಯರ ಕೈಗೆ ಸಿಕ್ಕಿದ. ಹಿಂದೊಮ್ಮೆ ಬಿದ್ದ ಹೆದರಿಕೆ ಒಂದು ಕಡೆ, ಕಿವಿಯೊಳಗಿನ ಸಮತೋಲದ ತೊಂದರೆ ಇನ್ನೊಂದು ಕಡೆ. ಅದಕ್ಕೆ ಕೊಟ್ಟ ಮದ್ದು ಮಾತ್ರೆಯಲ್ಲ, ಸಂಗೀತ. ಮೊಜಾರ್ಟ್! ಬೇರೆ ಬೇರೆ ಕಂಪನಗಳಿಗೆ ಹೊಂದಿಸಿದ ಮೊಜಾರ್ಟನ ಸಂಗೀತವನ್ನು ದಿನವೂ ಕಿವಿಗೆ ಹಾಕಿಕೊಂಡು ಕೂರುವುದು. ಆ ಚಿಕಿತ್ಸೆಯ ವಿಜ್ಞಾನ ಎಷ್ಟರ ಮಟ್ಟಿನದು ಎಂದು ತೀರ್ಪು ಕೊಡಲು ನಾನು ವೈದ್ಯನಲ್ಲ. ಆದರೆ ಕಾಲಿನಿಂದ ಆಗುವ ಕೆಲಸಕ್ಕೆ ಕಿವಿಯಿಂದ ಮದ್ದು ಎಂಬುದು, ಬಾನುಲಿಯಲ್ಲಿ ಕೂತು ಮಾತಾಡುವವನಿಗೆ ಎಷ್ಟು ಹಿತವಾದ ಸುದ್ದಿ, ನೀವೇ ಯೋಚಿಸಿ.

ಮತ್ತು 1990 ಬಂತು.

ಮಾರ್ಚ್ ತಿಂಗಳಲ್ಲಿ ಮಿಲಾನ್-ಸಾನ್ ರೆಮೊ. ಮಿಲಾನಿನಿಂದ ಹೊರಟು, ಬೆಟ್ಟ ದಾಟಿ, ಸಮುದ್ರದ ದಂಡೆ ಹಿಡಿದು, ಒಂದೇ ದಿನದಲ್ಲಿ 294 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋದಷ್ಟು ದೂರ. ಬುನ್ಯೊ ಇದನ್ನು ಆರೂವರೆ ಗಂಟೆಯೊಳಗೆ ಮುಗಿಸಿದ. ಗಂಟೆಗೆ ಸರಾಸರಿ 45.8 ಕಿಲೋಮೀಟರ್. ಆ ದಾಖಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಆ ಪಂದ್ಯದ ಕೊನೆಯ ಗುಡ್ಡ ಪೊಜ್ಜೊ. ಹೂವಿನ ತೋಟಗಳ ನಡುವೆ ಹತ್ತಿ, ಅಲ್ಲಿಂದ ಊರಿನೊಳಕ್ಕೆ ಗಿರಗಿರ ತಿರುವುಗಳಲ್ಲಿ ಧುಮುಕಬೇಕು. ಹತ್ತುವುದರಲ್ಲಿ ಗೆದ್ದವನು ಎಷ್ಟೋ ಸಲ ಆ ಇಳಿತದಲ್ಲಿ ಸೋತಿದ್ದಾನೆ. ಬುನ್ಯೊ ಅದನ್ನೇ ಇಳಿದ, ಒಂಟಿಯಾಗಿ. ಹಿಂದಿನವನಿಗಿಂತ ನಾಲ್ಕು ಸೆಕೆಂಡು ಮುಂದೆ ಗೆರೆ ದಾಟಿದ.

ಮೇ 18ರಂದು ಬಾರಿಯಲ್ಲಿ ಜಿರೊ ಶುರುವಾಯಿತು. ಬಾರಿ ಎಂದರೆ ಇಟಲಿಯೆಂಬ ಬೂಟಿನ ಹಿಮ್ಮಡಿಯ ಹತ್ತಿರದ ಬಂದರು. ಮೊದಲ ದಿನ ಗಡಿಯಾರದ ವಿರುದ್ಧ ಒಬ್ಬೊಬ್ಬರೇ ಓಡುವ 13 ಕಿಲೋಮೀಟರ್. ಬುನ್ಯೊ ಗೆದ್ದ, ಗುಲಾಬಿ ಅಂಗಿ ತೊಟ್ಟ. ಎಲ್ಲರೂ ಅಂದುಕೊಂಡದ್ದು ಒಂದೇ: ಮೊದಲ ದಿನ ಸಿಕ್ಕ ಅಂಗಿ ನಾಲ್ಕು ದಿನದ ನೆಂಟ. ಮುಂದಾಳುವಾದವನನ್ನು ಎಲ್ಲರೂ ಕಾಯುತ್ತಾರೆ, ಎಲ್ಲರೂ ಕಾಡುತ್ತಾರೆ. ಅವನ ತಂಡದವರು ದಿನವಿಡೀ ಮುಂದೆ ನಿಂತು ಗಾಳಿ ಸೀಳಬೇಕು. ಸೈಕಲ್ ಪಂದ್ಯದಲ್ಲಿ ಗಾಳಿಯೇ ಸುಂಕದವನು. ಮುಂದೆ ಹೋಗುವವನು ಸುಂಕ ಕಟ್ಟುತ್ತಾನೆ, ಬೆನ್ನಿಗೆ ಅಂಟಿ ಹೋಗುವವನು ಸುಮಾರು ಮೂರರಲ್ಲೊಂದು ಪಾಲು ಶಕ್ತಿ ಉಳಿಸಿಕೊಳ್ಳುತ್ತಾನೆ. ಜಾಣ ನಾಯಕರು ಬೇಕೆಂದೇ ಮೊದಲ ವಾರ ಅಂಗಿಯನ್ನು ಯಾರಿಗೋ ಬಿಟ್ಟುಕೊಟ್ಟು, ಕೊನೆಗೆ ಕಿತ್ತುಕೊಳ್ಳುತ್ತಾರೆ.

ಬುನ್ಯೊ ಬಿಟ್ಟುಕೊಡಲಿಲ್ಲ. ಏಳನೆಯ ದಿನ ತೊಸ್ಕಾನಾದ ವಲ್ಲೊಂಬ್ರೊಸಾ ಬೆಟ್ಟದ ಮೇಲೆ ಮತ್ತೆ ಗೆದ್ದ. ಹಿಂದಿನ ವರ್ಷದ ವಿಜೇತ ಫ್ರಾನ್ಸಿನ ಲೊರಾನ್ ಫಿನ್ಯೊಂ ಬಿದ್ದು ಪೆಟ್ಟು ಮಾಡಿಕೊಂಡು ಹೊರಬಿದ್ದ. ವಿಶ್ವ ಚಾಂಪಿಯನ್ ಅಮೆರಿಕದ ಗ್ರೆಗ್ ಲೆಮಾಂಡ್ ಎಲ್ಲೋ ಹಿಂದೆ ಕರಗಿಹೋಗಿದ್ದ. ದೊಲೊಮೀತಿ ಪರ್ವತಗಳಲ್ಲಿ, ಪೊರ್ದೊಯ್ ಕಣಿವೆದಾರಿಯ ನೆತ್ತಿಗೆ ಬುನ್ಯೊ ಮತ್ತು ಫ್ರಾನ್ಸಿನ ಶಾರ್ಲಿ ಮೊತ್ತೆ ಇಬ್ಬರೇ ಬಂದರು. ಅಂದಿನ ಗೆಲುವು ಮೊತ್ತೆಗೆ ಹೋಯಿತು. ಜೊತೆಗೆ ದುಡಿದವನಿಗೆ ದಿನದ ಕೂಲಿ ಬಿಡುವುದು ಈ ಆಟದ ಹಳೆಯ ಮರ್ಯಾದೆ. ಕೊನೆಗೆ ವರೇಸೆಯ ಪವಿತ್ರ ಬೆಟ್ಟ ಸಾಕ್ರೊ ಮೊಂತೆಗೆ ಗಡಿಯಾರದ ವಿರುದ್ಧದ ಓಟ. ಅದನ್ನೂ ಗೆದ್ದ. ಜೂನ್ 6ರಂದು ಮಿಲಾನ್ ಮುಟ್ಟಿದಾಗ ಎರಡನೆಯ ಸ್ಥಾನದ ಮೊತ್ತೆ ಆರೂವರೆ ನಿಮಿಷ ಹಿಂದಿದ್ದ.

ಮೊದಲ ದಿನದಿಂದ ಕೊನೆಯ ದಿನದವರೆಗೆ ಮುಂದಾಳುವಾಗಿಯೇ ಇದ್ದು ಜಿರೊ ಗೆದ್ದವರು ಅಲ್ಲಿಯವರೆಗೆ ಮೂವರು: 1919ರಲ್ಲಿ ಜಿರಾರ್ದೆಂಗೊ, 1927ರಲ್ಲಿ ಬಿಂದಾ, 1973ರಲ್ಲಿ ಬೆಲ್ಜಿಯಮ್ಮಿನ ಮರ್ಕ್ಸ್. ನಾಲ್ಕನೆಯವನು ಬುನ್ಯೊ. ಇದರಲ್ಲೊಂದು ಸಣ್ಣ ಸ್ವಾರಸ್ಯವಿದೆ. ಗುಲಾಬಿ ಅಂಗಿ ಚಾಲ್ತಿಗೆ ಬಂದದ್ದೇ 1931ರಲ್ಲಿ. ಹಾಗಾಗಿ ಮೊದಲಿನಿಬ್ಬರು ಆ ಅಂಗಿಯನ್ನು ಕಂಡವರೇ ಅಲ್ಲ. ಆ ಬಣ್ಣದಲ್ಲೇ ಎದ್ದು, ಆ ಬಣ್ಣದಲ್ಲೇ ದೇಶ ಸುತ್ತಿ ಮುಗಿಸಿದವರು ಮರ್ಕ್ಸ್ ಮತ್ತು ಇವನು.

ಮೂರು ವರ್ಷ ವಿದೇಶಿಯರ ಪಾಲಾಗಿದ್ದ ಜಿರೊ ಮನೆಗೆ ಬಂದಿತ್ತು. ಆದರೆ ಅದರ ಸಂಭ್ರಮಕ್ಕೆ ಸಿಕ್ಕಿದ್ದು ಎರಡೇ ದಿನ. ಜೂನ್ 8ಕ್ಕೆ ಅದೇ ಮಿಲಾನಿನಲ್ಲಿ ಫುಟ್‌ಬಾಲ್ ವಿಶ್ವಕಪ್ ಶುರು! ಇಡೀ ಇಟಲಿ ಆ ಕಡೆ ತಿರುಗಿತು. ಗುಂಪಿನ ಜೈಕಾರ ಕೇಳಿದರೆ ಮುಖ ಕೆಂಪಾಗುತ್ತಿದ್ದ ಈ ಮನುಷ್ಯನಿಗೆ ಅದು ಅನುಕೂಲವೇ ಆಗಿರಬೇಕು ಎಂದು ನನ್ನ ಗುಮಾನಿ.

ಇನ್ನು ಟೂರ್ ದ ಫ್ರಾನ್ಸ್. ಅಲ್ಲಿ ಆಲ್ಪ್ ದ್ಯುಯೆಜ್ ಎಂಬ ಬೆಟ್ಟವಿದೆ. ಹದಿನಾಲ್ಕು ಕಿಲೋಮೀಟರ್ ಏರು, 21 ಹೇರ್‌ಪಿನ್ ತಿರುವು. ಆಗುಂಬೆಯಲ್ಲಿ ಹದಿನಾಲ್ಕು. ಪ್ರತಿ ತಿರುವಿನಲ್ಲೂ ಅಲ್ಲಿ ಗೆದ್ದವರ ಹೆಸರಿನ ಫಲಕ. ಬುನ್ಯೊ 1990ರಲ್ಲೂ ಗೆದ್ದ, 1991ರಲ್ಲೂ ಗೆದ್ದ. ಮೊದಲ ಸಲ ಲೆಮಾಂಡನನ್ನು ಕೊನೆಯ ನೂರಿನ್ನೂರು ಮೀಟರಿನಲ್ಲಿ ಹಿಂದಿಕ್ಕಿದ. ಅವನ ಏರುವಿಕೆಯನ್ನು ಹಳೆಯ ಚಿತ್ರಗಳಲ್ಲಿ ನೋಡಬೇಕು. ಭುಜ ಅಲುಗುವುದಿಲ್ಲ, ಬಾಯಿ ತೆರೆಯುವುದಿಲ್ಲ. ಪಕ್ಕದವನ ಮುಖ ಹಿಂಡಿದ ಬಟ್ಟೆಯಂತಾಗಿದ್ದರೆ, ಇವನು ಅಂಚೆ ಕೊಡಲು ಹೊರಟವನ ಹಾಗೆ. ಇಟಲಿಯವರ ಸಿಟ್ಟಿಗೆ ಕಾರಣ ಇದೇ. ಅವರಿಗೆ ನೋವು ಕಾಣಬೇಕು. ಅದನ್ನು ಒದಗಿಸುತ್ತಿದ್ದವನು ಕ್ಲಾಡಿಯೊ ಕಿಯಾಪ್ಪುಚ್ಚಿ. ಹಲ್ಲು ಕಚ್ಚಿ, ಮೈಯೆಲ್ಲ ಕುಣಿಸಿ, ಬೆಳಗ್ಗೆ ಒಂಬತ್ತಕ್ಕೇ ದಾಳಿ ಮಾಡುವ ಕುಳ್ಳ. ಹಿಂದಿನ ಸವಾರರಲ್ಲಿ ಬಾರ್ತಾಲಿ ಇಲ್ಲವೇ ಕೊಪ್ಪಿ, ಆಮೇಲೆ ಮೊಸೆರ್ ಇಲ್ಲವೇ ಸರೊನ್ನಿ ಎಂದು ಮನೆಯೊಳಗೇ ಎರಡಾಗುತ್ತಿದ್ದ ದೇಶ ಈಗ ಬುನ್ಯೊ-ಕಿಯಾಪ್ಪುಚ್ಚಿ ಎಂದು ಎರಡಾಯಿತು. ಹೃದಯ ಕಿಯಾಪ್ಪುಚ್ಚಿಯ ಕಡೆ, ಕಣ್ಣು ಬುನ್ಯೊನ ಕಡೆ.

ಇಬ್ಬರ ಜಗಳದ ನಡುವೆ ಎತ್ತರದ ಸ್ಪೇನಿನವನೊಬ್ಬ ಸುಮ್ಮನೆ ಬಂದು ಕೂತ. ಮಿಗೆಲ್ ಇಂದುರಾಯ್ನ್. 1991ರ ಜುಲೈ 19, ಪಿರನೀಸ್ ಪರ್ವತ, ತೂರ್ಮಲೆ ಎಂಬ ಘಾಟಿ. ಹತ್ತಿ ಮುಗಿಯುತ್ತಿದ್ದ ಹಾಗೆ ಇಂದುರಾಯ್ನ್ ಇಳಿಜಾರಿನಲ್ಲಿ ಎಲ್ಲರಿಂದ ಕಳಚಿಕೊಂಡ. ಕೇಳಿ, ಇಳಿಜಾರಿನಲ್ಲಿ. ಕಿಯಾಪ್ಪುಚ್ಚಿ ಬೆನ್ನಟ್ಟಿ ಹೋಗಿ ಸೇರಿಕೊಂಡ. ಬುನ್ಯೊ ಒಂದು ಕ್ಷಣ ಯೋಚಿಸಿದ. ಸಂಜೆಗೆ ಅವರಿಬ್ಬರಿಗಿಂತ ಸುಮಾರು ಒಂದೂವರೆ ನಿಮಿಷ ಹಿಂದಿದ್ದ. ಪ್ಯಾರಿಸ್ ತಲುಪಿದಾಗ ಇಂದುರಾಯ್ನ್ ಮೊದಲು, ಬುನ್ಯೊ ಎರಡನೆಯವನು, ಅಂತರ 3 ನಿಮಿಷ 36 ಸೆಕೆಂಡು. ತಲೆಸುತ್ತು ಅವತ್ತು ಮರಳಿ ಬಂದಿತ್ತೆಂದು ಹೇಳಿದರೆ ಕಥೆ ಚೆನ್ನಾಗಿ ಕೂಡುತ್ತದೆ, ನಿಜ. ನನಗೆ ಅಷ್ಟು ಧೈರ್ಯವಿಲ್ಲ. ಗಡಿಯಾರದ ವಿರುದ್ಧ ಓಡುವಾಗ ಇಂದುರಾಯ್ನ್‌ನನ್ನು ಮುಟ್ಟುವವರೇ ಆಗ ಇರಲಿಲ್ಲ, ಮತ್ತು ಆತ ಮುಂದಿನ ನಾಲ್ಕು ಟೂರ್‌ಗಳನ್ನೂ ಗೆದ್ದ. ಅಂಥವನ ಕಾಲದಲ್ಲಿ ಹುಟ್ಟಿದ್ದು ಬುನ್ಯೊನ ಜಾತಕದ ತಪ್ಪು.

ಮರುವರ್ಷ ಬುನ್ಯೊ ಎಲ್ಲ ಪಣಕ್ಕಿಟ್ಟ. ತನ್ನ ದೇಶದ ಜಿರೊವನ್ನೇ ಬಿಟ್ಟು ಟೂರ್‌ಗೆ ತಯಾರಾದ. ಎರಡು ಸಲ ಟೂರ್ ಗೆದ್ದಿದ್ದ ಫಿನ್ಯೊಂ ಈಗ ಇವನ ತಂಡಕ್ಕೇ ಸಹಾಯಕನಾಗಿ ಬಂದ. ಜುಲೈ 13ರಂದು ಲಕ್ಸೆಂಬರ್ಗಿನಲ್ಲಿ 65 ಕಿಲೋಮೀಟರಿನ ಒಂಟಿ ಓಟ. ಅವತ್ತು ಇಂದುರಾಯ್ನ್ ಓಡಿದ್ದನ್ನು ಕಂಡವರು ಇಂದಿಗೂ ತಲೆಯಾಡಿಸುತ್ತಾರೆ. ಮೂರನೆಯವನಾದ ಬುನ್ಯೊ ಕಳೆದುಕೊಂಡದ್ದು 3 ನಿಮಿಷ 41 ಸೆಕೆಂಡು. ಹಿಂದಿನ ವರ್ಷ ಮೂರು ವಾರದಲ್ಲಿ ಸೋತದ್ದಕ್ಕಿಂತ ಹೆಚ್ಚನ್ನು ಒಂದೇ ಮಧ್ಯಾಹ್ನ ಸೋತ. ಐದು ದಿನದ ನಂತರ ಕಿಯಾಪ್ಪುಚ್ಚಿ ಇಟಲಿಯ ಸೆಸ್ತ್ರಿಯೆರೆ ಬೆಟ್ಟಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಮುಂದೆಯೇ ಓಡಿ, ಕಣ್ಣೀರಿಡುತ್ತಿದ್ದ ಜನರ ಗೋಡೆ ಸೀಳಿಕೊಂಡು ಗೆದ್ದ. ಬುನ್ಯೊ ಒಟ್ಟಾರೆ ಮೂರನೆಯವನಾಗಿ ಮನೆಗೆ ಬಂದ. ದೇಶ ಅವನನ್ನು ಬೈಯಲಿಲ್ಲ, ಕನಿಕರಪಟ್ಟಿತು. ಅದು ಬೈಗುಳಕ್ಕಿಂತ ಕಷ್ಟ.

ಆದರೆ ಈತನ ಬಗ್ಗೆ ಯಾರೂ ಕೊನೆಯ ಮಾತು ಹೇಳುವ ಹಾಗಿರಲಿಲ್ಲ. ಒಂದು ದಿನದ ವಿಶ್ವ ಚಾಂಪಿಯನ್‌ಷಿಪ್ ಎಂಬುದೊಂದಿದೆ. ಗೆದ್ದವನಿಗೆ ವರ್ಷವಿಡೀ ತೊಡಲು ಬಿಳಿ ಅಂಗಿ, ಎದೆಯ ಸುತ್ತ ನೀಲಿ, ಕೆಂಪು, ಕಪ್ಪು, ಹಳದಿ, ಹಸಿರು ಪಟ್ಟೆ. 1990ರಲ್ಲಿ ಜಪಾನಿನ ಉತ್ಸುನೊಮಿಯಾದಲ್ಲಿ ಬುನ್ಯೊ ಮೂರನೆಯವನು. 1991ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಗೆದ್ದ, ಇಂದುರಾಯ್ನ್ ಅಲ್ಲಿ ಮೂರನೆಯವನು. 1992ರಲ್ಲಿ, ಲಕ್ಸೆಂಬರ್ಗಿನ ಪೆಟ್ಟು ಬಿದ್ದು ಎರಡು ತಿಂಗಳೂ ತುಂಬಿರಲಿಲ್ಲ, ಇಂದುರಾಯ್ನ್‌ನ ಸ್ವಂತ ದೇಶದ ಬೆನಿದೋರ್ಮಿನಲ್ಲಿ ಮತ್ತೆ ಗೆದ್ದ. ಎರಡು ವರ್ಷ ಬೆನ್ನಿಗೆ ಬೆನ್ನಿಗೆ ಆ ಪಟ್ಟೆ ಉಳಿಸಿಕೊಂಡವರು ಅದುವರೆಗೆ ಮೂವರೇ. ಮೂವರೂ ಬೆಲ್ಜಿಯಮ್ಮಿನವರು. ಮೂರು ವಾರ ಲೆಕ್ಕ ಇಟ್ಟು ಆಳುವುದು ಇವನಿಗೆ ಆಗದ ಕೆಲಸ ಎಂದವರುಂಟು. ನನಗೆ ಅನ್ನಿಸುವುದು ಬೇರೆ. ಆಗುತ್ತಿತ್ತು, 1990ರಲ್ಲಿ ಮಾಡಿ ತೋರಿಸಿದ. ಆದರೆ ದಿನಾ ಬೆಳಗ್ಗೆ ಎದ್ದು ತಾನೇ ದೊರೆ ಎಂದು ನಂಬುವುದು ಅವನಿಗೆ ಒಗ್ಗುತ್ತಿರಲಿಲ್ಲ. ಒಂದು ದಿನದ ಮಟ್ಟಿಗೆ ನಂಬಬಲ್ಲವನಾಗಿದ್ದ.

ಹಾಗೆ ನಂಬಿದ ಇನ್ನೊಂದು ದಿನ 1994ರ ಏಪ್ರಿಲ್ 3. ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಸುತ್ತು, ಕಲ್ಲು ಹಾಸಿದ ಕಿರಿದಾದ ಗುಡ್ಡಗಳ ಮೇಲೆ 260 ಕಿಲೋಮೀಟರಿಗೂ ಹೆಚ್ಚು. ಕೊನೆಗೆ ನಾಲ್ವರು ಉಳಿದರು. ಅದರಲ್ಲಿ ಒಬ್ಬ ಆ ಮಣ್ಣಿನ ಮಗ, ಹಿಂದಿನ ವರ್ಷದ ವಿಜೇತ ಯೊಹಾನ್ ಮ್ಯುಸೇವ್. ಗೆರೆ ಹತ್ತಿರ ಬಂತು. ಬುನ್ಯೊ ಮುಂದಿದ್ದ. ಗೆದ್ದೆ ಎಂದುಕೊಂಡು ಒಂದು ಗಳಿಗೆ ಮೊದಲೇ ಸಂಭ್ರಮಕ್ಕೆ ಮೈ ಸಡಿಲಿಸಿದ. ಮ್ಯುಸೇವ್ ತನ್ನ ಗಾಲಿಯನ್ನು ಎಸೆದ. ಯಾರು ಗೆದ್ದರೆಂದು ಇಬ್ಬರಿಗೂ ಗೊತ್ತಿಲ್ಲ. ಫೋಟೊ ತೊಳೆದು, ಅಳತೆ ಹಿಡಿದು ನೋಡಿದರೆ ಬುನ್ಯೊ ಮುಂದೆ. ಎಷ್ಟು ಮುಂದೆ? ಏಳು ಮಿಲಿಮೀಟರ್. ಒಂದು ಕಡಲೆಕಾಳಿನಷ್ಟು. ಜೀವನವಿಡೀ ಹಿಂಜರಿದವನೆಂದು ಬೈಸಿಕೊಂಡ ಮನುಷ್ಯ, ಒಂದೇ ಒಂದು ಸಲ ಆತುರಪಟ್ಟು ಸೋಲುವುದರಲ್ಲಿದ್ದ!

ಅದೇ ವರ್ಷ ಆಗಸ್ಟಿನಲ್ಲಿ ಇನ್ನೊಂದು ಪ್ರಸಂಗ. ಕೊಪ್ಪಾ ಅಗೊಸ್ತೊನಿ ಎಂಬ ಪಂದ್ಯದ ನಂತರದ ಪರೀಕ್ಷೆಯಲ್ಲಿ ಇವನ ಮೂತ್ರದಲ್ಲಿ ಮಿತಿ ಮೀರಿದ ಕೆಫೀನ್ ಕಂಡಿತು. ಹೌದು, ಕಾಫಿಯಲ್ಲಿರುವ ಕೆಫೀನ್. ಚಿಕ್ಕಮಗಳೂರು, ಕೊಡಗಿನ ಕೇಳುಗರು ನಕ್ಕಾರು. ಆಗ ಒಂದು ಮಿಲಿಲೀಟರಿಗೆ 12 ಮೈಕ್ರೋಗ್ರಾಂ ಎಂಬ ಗಡಿ ಇತ್ತು, ಒಂದೆರಡು ಲೋಟ ಕಾಫಿಯಿಂದ ಅದು ದಾಟುವುದಲ್ಲ. ಕೊನೆಗೆ ಮೂರು ತಿಂಗಳ ಅಮಾನತು ಅನುಭವಿಸಿದ. 2004ರಲ್ಲಿ ಕೆಫೀನನ್ನು ನಿಷೇಧದ ಪಟ್ಟಿಯಿಂದಲೇ ತೆಗೆದರು. ನಿಯಮ ಬದಲಾಯಿತೆಂದು ಅವತ್ತಿನ ತಪ್ಪು ಇಲ್ಲವಾಗುವುದಿಲ್ಲ. ಆದ್ದರಿಂದ ಹೇಳಿದೆ.

1995ರಲ್ಲಿ ಎರಡನೆಯ ಬಾರಿ ರಾಷ್ಟ್ರೀಯ ಚಾಂಪಿಯನ್. ಆಮೇಲಿನದು ಇಳಿಯುವ ಹೊತ್ತು. ತಂಡ ಬದಲಾದವು, ಬೇರೆಯವರ ಮುಂದೆ ಗಾಳಿ ಸೀಳುವ ಕೆಲಸ ಬಂತು, ಗೊಣಗದೆ ಮಾಡಿದ. 1998ರಲ್ಲಿ, ಫ್ರಾನ್ಸಿನಲ್ಲಿ ಉದ್ದೀಪನ ಮದ್ದಿನ ಹಗರಣದಿಂದ ಸೈಕಲ್ ಲೋಕವೇ ಮುಖ ಮುಚ್ಚಿಕೊಂಡ ವರ್ಷ, ಸ್ಪೇನಿನ ಸುತ್ತಿನಲ್ಲಿ ಕೊನೆಯದಾಗಿ ಒಂದು ದಿನ ಗೆದ್ದು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಸೈಕಲಿನಿಂದ ಇಳಿದ.

ನಿವೃತ್ತ ಸವಾರರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಸೈಕಲ್ ಅಂಗಡಿ ಇಡುತ್ತಾರೆ, ತಂಡದ ಕಾರು ಓಡಿಸುತ್ತಾರೆ, ಟಿವಿಯಲ್ಲಿ ಕೂತು ಇಂದಿನ ಹುಡುಗರನ್ನು ಬೈಯುತ್ತಾರೆ. ಬುನ್ಯೊ ಏನು ಮಾಡಿದ ಗೊತ್ತೇ? ತಲೆಸುತ್ತಿನಿಂದ ಬೆಟ್ಟ ಇಳಿಯಲು ಹೆದರುತ್ತಿದ್ದವನು ಹೆಲಿಕಾಪ್ಟರ್ ಪೈಲಟ್ ಆದ!

ಆಟಕ್ಕಲ್ಲ, ಹೊಟ್ಟೆಪಾಡಿನ ಉದ್ಯೋಗವಾಗಿ. ನಮ್ಮಲ್ಲಿ ಆಂಬುಲೆನ್ಸಿಗೆ 108 ಇದ್ದ ಹಾಗೆ ಇಟಲಿಯಲ್ಲಿ 118. ಆ ತುರ್ತು ಸೇವೆಗೆ ಹೆಲಿಕಾಪ್ಟರ್ ಹಾರಿಸಿದ. ತಾನೇ ಹೆದರಿ ಬ್ರೇಕು ಹಿಡಿದಿದ್ದಂಥ ದಾರಿಗಳ ಮೇಲೆ, ಬಿದ್ದವರನ್ನು ಎತ್ತಿಕೊಂಡು ಬರುವ ಕೆಲಸ.

ಅದರ ಜೊತೆಗೆ 2010ರಿಂದ ವೃತ್ತಿಪರ ಸವಾರರ ಅಂತರರಾಷ್ಟ್ರೀಯ ಸಂಘದ ಅಧ್ಯಕ್ಷನೂ ಆಗಿದ್ದ. ಮಾತು ಕಡಿಮೆಯ ಮನುಷ್ಯನಿಗೆ ಮಾತಾಡುವುದೇ ಕೆಲಸ. ಅವನ ಕಾಲದಲ್ಲೇ, 2016ರಲ್ಲಿ, ವಿಪರೀತ ಹಿಮ, ಮಳೆ, ಬಿಸಿಲಿದ್ದಾಗ ಪಂದ್ಯವನ್ನು ಮೊಟಕುಗೊಳಿಸಬಹುದಾದ ನಿಯಮ ಬಂತು. 2018ರ ಚುನಾವಣೆಯಲ್ಲಿ ಬ್ರಿಟನ್ನಿನ ಮಾಜಿ ಸವಾರ ಡೇವಿಡ್ ಮಿಲ್ಲರ್ ಎದುರು ನಿಂತ. ಸಂಘ ನಿದ್ದೆ ಮಾಡುತ್ತಿದೆ ಎಂಬುದು ಮಿಲ್ಲರನ ದೂರು. ಗೆದ್ದದ್ದು ಬುನ್ಯೊ. ದೂರಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ. 2020ರ ಅಕ್ಟೋಬರಿನಲ್ಲಿ, ಕೊರೊನಾದಿಂದ ಮುಂದೆ ಹೋದ ಜಿರೊದಲ್ಲಿ, ಮಳೆ ಸುರಿಯುತ್ತಿದ್ದ ಬೆಳಗ್ಗೆ 258 ಕಿಲೋಮೀಟರ್ ಓಡುವುದಿಲ್ಲ ಎಂದು ಸವಾರರು ಕೂತುಬಿಟ್ಟರು. ಓಟ ಅರ್ಧಕ್ಕಿಳಿಯಿತು. ಸಂಘಟಕರು ಕೆಂಡವಾದರು, ಅಭಿಮಾನಿಗಳು ಎರಡಾದರು. ನಡುವೆ ನಿಂತು ಎರಡೂ ಕಡೆಯಿಂದ ಅನ್ನಿಸಿಕೊಳ್ಳುವ ಪಾಲು ಮತ್ತೆ ಬುನ್ಯೊನದೇ. ಆ ಹುದ್ದೆಯೂ ಈಗ ಬೇರೆಯವರ ಕೈಗೆ ಹೋಗಿದೆ.

ನನಗೆ ಇಷ್ಟವಾದ ಸಂಗತಿಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಜಿರೊವನ್ನು ಟಿವಿಯಲ್ಲಿ ನೋಡಿದವರಿಗೆ ಗೊತ್ತು, ಅದರ ಅರ್ಧ ಸೊಗಸು ಆಕಾಶದಿಂದ ತೆಗೆದ ಚಿತ್ರಗಳದ್ದು. ದ್ರಾಕ್ಷಿ ತೋಟ, ಇಗರ್ಜಿಯ ಗೋಪುರ, ಹಾವಿನಂಥ ರಸ್ತೆ, ಅದರ ಮೇಲೆ ಬಣ್ಣದ ಇರುವೆ ಸಾಲಿನಂತೆ ಹರಿಯುವ ಸವಾರರು. ಇಟಲಿಯ ಸರ್ಕಾರಿ ವಾಹಿನಿ ರಾಯ್‌ಗಾಗಿ ಜಿರೊದ ಮೇಲೆ ಹೆಲಿಕಾಪ್ಟರ್ ಹಾರಿಸಿದ ಪೈಲಟ್‌ಗಳಲ್ಲಿ ಬುನ್ಯೊ ಕೂಡ ಒಬ್ಬ. ಮನೆಯಲ್ಲಿ ಕೂತು ನೋಡುವವರಿಗೆ ಅವನು ಕಾಣುವುದಿಲ್ಲ. ಕೆಳಗೆ ಗುಲಾಬಿ ಅಂಗಿಯವನು ಬೆಟ್ಟದ ನೆತ್ತಿ ದಾಟಿ, ಮೈ ಬಗ್ಗಿಸಿ, ಇಳಿಜಾರಿಗೆ ಬೀಳುತ್ತಾನೆ. ಮೇಲೆ ಹೆಲಿಕಾಪ್ಟರ್ ಒಂದಿಷ್ಟು ವಾಲಿ, ಅವನ ಜೊತೆಜೊತೆಗೇ ತಿರುವಿಗೆ ತಿರುವು ಹಾಕುತ್ತ ಕಣಿವೆಗೆ ಇಳಿಯುತ್ತದೆ.